ಅಪ್ಪ ಹಿಡಿಯದ ಕೈ

"ಅಪ್ಪನ ಚಡ್ಡಿ ಒದ್ದೆಯಾದರೆ ಬದಲಾಯಿಸೋಕೆ ಬರಲ್ಲ, ಕೊಲೆ ಪತ್ತೆ ಮಾಡ್ತಾನಂತೆ ಕೊಲೆ!"

ಮ್ಯಾನೇಜರ್ ಈ ಮಾತನ್ನು ಕಿವಿಯಲ್ಲಿ ಹೇಳಲಿಲ್ಲ. ಆರೈಕೆ ಮನೆಯ ಹಜಾರದ ನಟ್ಟನಡುವೆ ನಿಂತು, ಊಟಕ್ಕೆ ಕೂತಿದ್ದ ಮುದುಕ ಮುದುಕಿಯರೆಲ್ಲ ತಲೆಯೆತ್ತುವ ಹಾಗೆ, ಸೂಪು ಕುಡಿಸುತ್ತಿದ್ದ ನರ್ಸಮ್ಮನ ಚಮಚ ಅರ್ಧದಲ್ಲೇ ನಿಲ್ಲುವ ಹಾಗೆ, ಡಾಕ್ಟರು ಕನ್ನಡಕ ಒರೆಸುವ ನೆಪದಲ್ಲಿ ನಗು ನುಂಗುವ ಹಾಗೆ ಹೇಳಿದ.

ಪತ್ತೇದಾರನ ಕಿವಿ ಕಾದ ಹೆಂಚಾಯಿತು.

"ಶಾಲೆಗೆ ಅರ್ಧಕ್ಕೇ ಟಾಟಾ ಹೇಳಿದವನು. ಬಾಗಿಲಿಗೆ ಬೋರ್ಡು ಬೇರೆ, 'ಪತ್ತೇದಾರ' ಅಂತ. ಮೊದಲು ನಿನ್ನ ಅಂಗಿ ಗುಂಡಿ ಎಲ್ಲಿ ಬಿದ್ದಿದೆ ಪತ್ತೆ ಮಾಡಪ್ಪ!"

ಕೈ ತಾನಾಗಿ ಮುಷ್ಟಿಯಾಯಿತು. ಒಂದೇ ಒಂದು ಬಿಟ್ಟಿದ್ದರೆ ಆ ಕಪ್ಪು ಕೋಟು ಗೋಡೆಗೆ ಅಂಟಿಕೊಳ್ಳುತ್ತಿತ್ತು. ಆದರೆ ಮುಷ್ಟಿಯ ಪಕ್ಕದಲ್ಲೇ ಅಪ್ಪ ಕೂತಿದ್ದ.

ಅಪ್ಪ ಜೀವಮಾನವೆಲ್ಲ ಬಸ್ಸು ಓಡಿಸಿದವನು. ಈಗ ಮಗನ ಹೆಸರಿಲ್ಲ, ಮುಖವಿಲ್ಲ, ಹೆಂಡತಿ ಸತ್ತದ್ದರ ನೆನಪಿಲ್ಲ. ಗೇರು ಮಾತ್ರ ಇದೆ. ಬಲಗೈ ಗಾಳಿಯಲ್ಲಿ ಹಿಂದೆ ಮುಂದೆ ಆಡುತ್ತಲೇ ಇರುತ್ತದೆ. ಮ್ಯಾನೇಜರನ ಕೂಗು ಕಿವಿಗೆ ಬಿದ್ದದ್ದೇ, "ಏಯ್, ಅಡ್ಡ ಬರಬೇಡ್ರೋ!" ಎಂದು ಅಬ್ಬರಿಸಿ ಬ್ರೇಕು ತುಳಿದ. ಮೇಜು ಅಲುಗಿತು. ಸೂಪಿನ ಬಟ್ಟಲು ಹಾರಿ ಮಗನ ಎದೆಗೆ ಬಂತು.

"ನೋಡಿ, ಹೆತ್ತಪ್ಪನೇ ಸ್ನಾನ ಮಾಡಿಸಿ ಕಳಿಸ್ತಿದ್ದಾರೆ!" ಎಂದ ಮ್ಯಾನೇಜರ್. ಈ ಸಲ ಡಾಕ್ಟರು ನಗು ನುಂಗಲಿಲ್ಲ.

ನಗು ಮುಗಿದ ಮೇಲೆ ಅವನು ಹಳದಿ ಸ್ವೆಟರಿನ ಸಂಶೋಧಕಿಯ ಕಡೆ ತಿರುಗಿದ. "ಮೇಡಂ, ನಿಮ್ಮ ಸಂಶೋಧನೆ ಇವತ್ತಿಗೆ ಬಂದ್. ಸಂಜೆ ಹಾಲಿನ ಜೊತೆ ಎಲ್ಲರಿಗೂ ನಿದ್ದೆ ಮಾತ್ರೆ ಮತ್ತೆ ಶುರು. ನೀವು ಮಾತ್ರೆ ನಿಲ್ಲಿಸಿದ್ದಕ್ಕೇ ಆ ಗಡಿಯಾರದ ತಾತ ಕೂಗಾಡಿ, ಎದೆ ಒಡೆದು ಸತ್ತ. ನಾಳೆ ಇನ್ನೊಬ್ಬ ಸತ್ತರೆ ನಾನು ಉತ್ತರ ಕೊಡಬೇಕು."

ಪತ್ತೇದಾರ ಅಪ್ಪನ ಕೈಯನ್ನೇ ನೋಡುತ್ತಿದ್ದ. ಗಾಳಿಯಲ್ಲಿ ಗೇರು ಹಾಕುತ್ತಿದ್ದ ಆ ಕೈ ಸಂಜೆಯಿಂದ ಮತ್ತೆ ಹಾಸಿಗೆಯ ಮೇಲೆ ಸೋರೆಕಾಯಿಯ ಹಾಗೆ ಬಿದ್ದಿರುತ್ತದೆ.

ಹೋದ ವರ್ಷ ಸಂಶೋಧಕಿ ಇಲ್ಲಿಗೆ ಬಂದಾಗ ಈ ಮರೆವಿನ ವಾರ್ಡು ಹಾಗೇ ಇತ್ತು. ಸಾಲು ಮಂಚ, ಸಾಲು ದೇಹ. ಬೆಳಗ್ಗೆಯೂ ನಿದ್ದೆ, ಸಂಜೆಯೂ ನಿದ್ದೆ. ಮರೆವಿನ ರೋಗದವರು ಸಾಯುವತನಕ ಇರಬೇಕಾದ ಜಾಗದಲ್ಲಿ ಅವರನ್ನು ಇನ್ನೂ ಚೆನ್ನಾಗಿ ನೋಡಿಕೊಳ್ಳುವುದು ಹೇಗೆ ಎಂದು ತಿಳಿಯಲು ಬಂದವಳು ಮೊದಲ ದಿನವೇ ಕೇಳಿದಳಂತೆ: "ಇದರಲ್ಲಿ ರೋಗದ ಮಂಕು ಎಷ್ಟು, ಮಾತ್ರೆಯ ಮಂಕು ಎಷ್ಟು?"

ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಅಗತ್ಯವೂ ಯಾರಿಗೂ ಇರಲಿಲ್ಲ. ಮಲಗಿದ ಮುದುಕ ಕೂಗುವುದಿಲ್ಲ, ಕೇಳುವುದಿಲ್ಲ, ಕಂಪ್ಲೇಂಟು ಕೊಡುವುದಿಲ್ಲ. ಅವನಿಗಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗುತ್ತಾನೆ?

ಆಕೆ ಮಾತ್ರೆಯನ್ನು ಚೂರು ಚೂರೇ ಇಳಿಸಿದಳು. ಕೊರಡುಗಳು ಕೊನರಿದವು. ಒಬ್ಬ ಎದ್ದು ಕೂತ, ಒಬ್ಬಳು ಹಾಡಿದಳು. ಅಪ್ಪ ಕಣ್ಣು ಬಿಟ್ಟು ಮಗನನ್ನು ನೋಡಿ, "ಏನಯ್ಯಾ ಕಂಡಕ್ಟರ್, ಇಷ್ಟು ಲೇಟು?" ಅಂದ. ಆವತ್ತು ಪತ್ತೇದಾರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದ.

ಆದರೆ ಎಚ್ಚರವಾದವರು ಕಣ್ಣನ್ನೂ ಬಿಟ್ಟುಕೊಂಡಿರುತ್ತಾರೆ. ಹೋದ ವಾರ, ಪರದೆ ಎಳೆದು ಎಲ್ಲರನ್ನೂ ಮಲಗಿಸಿದ ಮಧ್ಯಾಹ್ನ, ಅಪ್ಪನ ಪಕ್ಕದ ಮಂಚದವನು, ಒಂದು ಕಾಲಕ್ಕೆ ಗಡಿಯಾರ ರಿಪೇರಿ ಮಾಡುತ್ತಿದ್ದ ಗಡಿಯಾರದ ತಾತ, ಸತ್ತ. ಸಹಜ ಸಾವು ಎಂದು ಡಾಕ್ಟರು ಬರೆದ. ತಾತನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ದಿಂಬಿನ ಹತ್ತಿಯನ್ನು ಕಂಡವಳು ಸಂಶೋಧಕಿ ಒಬ್ಬಳೇ. ಪತ್ತೇದಾರನಿಗೆ ಫೋನು ಮಾಡಿದವಳೂ ಅವಳೇ.

"ನೋಡಿದವರು ಒಬ್ಬರಿದ್ದಾರೆ," ಅಂದಿದ್ದಳು. "ನಿಮ್ಮ ತಂದೆ."

*

ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲಿಳಿಯುತ್ತಿದ್ದಂತೆ ಸೋಪಿನ ಹಬೆ ಮುಖಕ್ಕೆ ಬಡಿಯಿತು. ಮಷೀನುಗಳು ಗುಡುಗುತ್ತಿದ್ದವು. ಇಸ್ತ್ರಿ ಮೇಜಿನ ಮುಂದೆ ಅಕ್ಕ ನಿಂತಿದ್ದಳು.

ಅಮ್ಮ ಹೋದಾಗ ಅವನಿಗೆ ಮೂಗೊರೆಸಿಕೊಳ್ಳಲೂ ಬರುತ್ತಿರಲಿಲ್ಲ. ಒರೆಸಿದವಳು ಅಕ್ಕ. ಅಪ್ಪ ಬಸ್ಸಿನ ಜೊತೆ ಊರೂರು ಸುತ್ತುವಾಗ ಅವನಿಗೆ ಉಣಿಸಿ, ಬಡಿದು, ಹರಿದ ಚಡ್ಡಿಗೆ ತೇಪೆ ಹಾಕಿ ಬೆಳೆಸಿದವಳು. ಅಪ್ಪನನ್ನು ಇಲ್ಲಿ ಸೇರಿಸಿದ ಮೇಲೆ, ಹತ್ತಿರ ಇರೋಣ ಅಂತ ಇಲ್ಲೇ ಕೆಲಸಕ್ಕೆ ಸೇರಿದ್ದಳು.

"ಏನೋ ಇದು ಅವತಾರ?"

"ಅಪ್ಪ ಬ್ರೇಕ್ ಹಾಕಿದ."

ಅಕ್ಕ ನಕ್ಕಳು. "ಪಾಪ, ಅಷ್ಟು ವರ್ಷದಲ್ಲಿ ಒಂದು ಆಕ್ಸಿಡೆಂಟ್ ಮಾಡಿರಲಿಲ್ಲ. ಬಿಚ್ಚು, ಬಿಚ್ಚು. ಕಲೆ ಕೂತರೆ ಹೋಗಲ್ಲ."

ಅವನು ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತ. ಹೊರಗೆ ಮಂಜು ಕವಿದಿತ್ತು. ಕೋಣೆಯ ಸಣ್ಣ ಕಿಂಡಿಯಿಂದ ಚಳಿ ಸೂಜಿಯ ಹಾಗೆ ಬರುತ್ತಿತ್ತು. ಅಕ್ಕ ಅತ್ತಿತ್ತ ನೋಡಿ, ಮೂಲೆಯ ಬುಟ್ಟಿಗೆ ಕೈ ಹಾಕಿ, ತಳದಿಂದ ಒಂದು ದಪ್ಪ ಸ್ವೆಟರ್ ಎಳೆದಳು. ಪಾಚಿ ಹಸಿರು.

"ಹಾಕ್ಕೋ."

"ಯಾರದೇ ಇದು?"

"ಯಾರದೋ. ಬುಟ್ಟಿ ತಳದಲ್ಲಿ ಬಿದ್ದಿತ್ತು. ಕೇಳೋರೇ ಇಲ್ಲ. ಹಾಕ್ಕೋ ಮೊಂಡ, ನೆಗಡಿ ಆದ್ರೆ ಮತ್ತೆ ನನ್ನ ತಲೆ ಮೇಲೇ ಸೀನ್ತೀಯ."

ತೋಳು ಗಿಡ್ಡವಾಗಿತ್ತು. ಮಣಿಕಟ್ಟು ಹೊರಗೇ ಉಳಿಯಿತು. ಅಕ್ಕ ಅವನನ್ನು ಹತ್ತಿರಕ್ಕೆ ಎಳೆದುಕೊಂಡು ಚಿಕ್ಕ ಮಗುವಿಗೆ ಹಾಕುವ ಹಾಗೆ ಒಂದೊಂದೇ ಗುಂಡಿ ಹಾಕಿದಳು.

"ನೀನೂ ಮೇಲೆ ಬಾರೇ. ಅಪ್ಪನ್ನ ನೋಡಿ ವಾರವಾಯ್ತಂತೆ?"

ಕೊನೆಯ ಗುಂಡಿಯ ಹತ್ತಿರ ಅವಳ ಬೆರಳು ನಿಂತಿತು.

"ಕೆಲಸ ಕಣೋ. ಆ ತಾತ ಸತ್ತಾಗಿಂದ ವಾರ್ಡಿನ ಹಾಸಿಗೆ ದಿಂಬು ಎಲ್ಲ ತಂದು ನನ್ನ ತಲೆಗೇ ಸುರೀತಿದ್ದಾರೆ. ಪುರುಸೊತ್ತು ಎಲ್ಲಿ?"

"ಸಂಜೆಯಿಂದ ಅಪ್ಪನಿಗೆ ಮತ್ತೆ ಮಾತ್ರೆ ಕೊಡ್ತಾರಂತೆ."

"ಕೊಡಲಿ ಬಿಡು."

ಅವನು ಬೆಚ್ಚಿ ಅವಳ ಮುಖ ನೋಡಿದ.

"ಏನಂದೆ?"

"ಮಲಗ್ತಾನಲ್ಲೋ. ಎಚ್ಚರವಾಗಿದ್ದು ಏನು ಸುಖ ಸುರಿದುಕೊಂಡ?" ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. "ನೀನು ಅಪರೂಪಕ್ಕೆ ಬರ್ತೀಯ, ಕಂಡಕ್ಟರ್ ಅಂದ ಅಂತ ಹಿಗ್ಗಿ ಹೋಗ್ತೀಯ. ಆ ತಾತ ಕೂಗಿದಾಗೆಲ್ಲ ಇವನೂ ಎದ್ದು, ಅಮ್ಮನ್ನ ಎಲ್ಲಿ ಬಚ್ಚಿಟ್ಟಿದ್ದೀರಾ ಅಂತ ಅಳ್ತಿದ್ದದ್ದು ನೀನು ಕೇಳಿಲ್ಲ. ಸತ್ತಳು ಅಂದ್ರೆ ಹೊಸದಾಗಿ ಕೇಳಿದ ಹಾಗೆ ಅಳ್ತಾನೆ. ದಿನಾ ಸಾಯಿಸ್ಬೇಕು ಅವಳನ್ನ. ಯಾರ ಬಾಯಿಂದ? ನನ್ನ ಬಾಯಿಂದ."

ಇಸ್ತ್ರಿ ಪೆಟ್ಟಿಗೆಯನ್ನು ಅವಳು ಒಂದು ದಿಂಬಿನ ಗವಸಿನ ಮೇಲೆ ಒತ್ತಿದಳು. ಒತ್ತಿದವಳು ಎತ್ತಲಿಲ್ಲ. ಸುಟ್ಟ ವಾಸನೆ ಬಂದ ಮೇಲೇ ಇಬ್ಬರಿಗೂ ಗೊತ್ತಾಗಿದ್ದು.

*

ಸಂಶೋಧಕಿಯ ಕೋಣೆ ವಾರ್ಡಿಗೆ ಅಂಟಿಕೊಂಡಿತ್ತು. ನಡುವೆ ಒಂದು ಅಗಲವಾದ ಗಾಜು. ಅವನು ಒಳಗೆ ಬಂದಾಗ ಆಕೆ ಕಡತಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ತಲೆಯೆತ್ತಿ ನೋಡುವ ಹುಮ್ಮಸ್ಸೂ ಇರಲಿಲ್ಲ.

"ಗಾಜಿನ ಹತ್ತಿರ ಹೋಗಿ ನಿಲ್ಲಿ. ನಾನು ಫೋನಲ್ಲಿ ಹೇಳಿದ್ನಲ್ಲ, ಅದನ್ನ ನೀವೇ ನೋಡಿ."

ವಾರ್ಡಿನಲ್ಲಿ ಪರದೆ ಎಳೆದಿದ್ದರು. ಬೂದು ಬೆಳಕಿನಲ್ಲಿ ಮಂಚಗಳು ದಡಕ್ಕೆ ಕಟ್ಟಿದ ದೋಣಿಗಳ ಹಾಗೆ ಕಾಣುತ್ತಿದ್ದವು. ಕೊನೆಯ ಮಂಚದಲ್ಲಿ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಅವನ ಪಕ್ಕದ ಮಂಚ ಖಾಲಿ. ಹಾಸಿಗೆಯನ್ನು ಸುತ್ತಿಟ್ಟಿದ್ದರು.

ಗಾಜಿಗೆ ಹತ್ತಿರದ ಮಂಚದಲ್ಲಿದ್ದವನು ದರ್ಜಿ ತಾತ. ನಿದ್ದೆಯಿಲ್ಲದೆ ಹೊದಿಕೆಯ ಅಂಚನ್ನು ಹೊಲಿಯುತ್ತಿದ್ದ, ಸೂಜಿಯಿಲ್ಲದ ಬೆರಳಲ್ಲಿ. ಕತ್ತು ತಿರುಗಿಸಿ ಗಾಜಿನ ಕಡೆ ನೋಡಿದ.

ಬೆರಳು ನಿಂತಿತು.

ನಿಧಾನವಾಗಿ ಅವನ ಎರಡೂ ಕೈ ಮೇಲೆದ್ದವು. ಮೊಣಕೈ ಮಡಿಸಿ, ಮುಖದ ಮೇಲೆ ಅಡ್ಡಡ್ಡ ಇಟ್ಟುಕೊಂಡ. ಎದೆ ಏರಿದ್ದು ಇಳಿಯಲೇ ಇಲ್ಲ. ಉಸಿರು ಹಿಡಿದಿದ್ದ.

ಆಮೇಲೆ ಪಕ್ಕದ ಮಂಚ. ಅದರಾಚೆಯ ಮಂಚ. ಗಾಳಿ ಬೀಸಿದಾಗ ಪೈರು ಬಾಗುತ್ತಾ ಹೋಗುತ್ತದಲ್ಲ, ಹಾಗೆ ಸಾಲಾಗಿ ಒಬ್ಬರಾದ ಮೇಲೆ ಒಬ್ಬರು ಕೈಯೆತ್ತಿ ಮುಖ ಮುಚ್ಚಿಕೊಂಡರು. ಕೂಗಿಲ್ಲ, ನರಳಿಕೆಯಿಲ್ಲ. ಇಡೀ ವಾರ್ಡು ಉಸಿರು ಬಿಗಿಹಿಡಿದು ಮಲಗಿತ್ತು.

ತಾನೂ ಉಸಿರಾಡುತ್ತಿಲ್ಲ ಎಂದು ಪತ್ತೇದಾರನಿಗೆ ತಡವಾಗಿ ಗೊತ್ತಾಯಿತು.

"ತಾತ ಸತ್ತ ದಿನದಿಂದ ದಿನಾ ಇದೇ," ಸಂಶೋಧಕಿ ಪಿಸುಗುಟ್ಟಿದಳು. "ಆವತ್ತು ಏನಾಯ್ತು ಅಂತ ಕೇಳಿ, ಒಬ್ಬರಿಗೂ ನೆನಪಿಲ್ಲ. ತಾತ ಅಂತ ಒಬ್ಬ ಇದ್ದ ಅನ್ನೋದೇ ನೆನಪಿಲ್ಲ. ಹೆಸರು ಮೊದಲು ಹೋಗುತ್ತೆ, ಆಮೇಲೆ ಮುಖ. ಭಯ ಹೋಗಲ್ಲ. ತಲೆ ಬಿಟ್ಟುಕೊಟ್ಟದ್ದನ್ನ ಮೈ ಹಿಡಿದಿಟ್ಟುಕೊಳ್ಳುತ್ತೆ."

"ಎಲ್ಲರೂ ನೋಡಿದ್ರಾ?"

"ಗೊತ್ತಿಲ್ಲ. ಒಬ್ಬರ ಭಯ ಇನ್ನೊಬ್ಬರಿಗೆ ಅಂಟಿರಬಹುದು. ದಿನಾ ಶುರು ಮಾಡೋರು ನಿಮ್ಮಪ್ಪ. 'ಮುಚ್ಚಬೇಡ, ಬಿಡು' ಅಂತ ಗೊಣಗ್ತಾರೆ, ಆಮೇಲೆ ಉಳಿದವರು..." ಆಕೆ ಮಾತು ನಿಲ್ಲಿಸಿ ಗಾಜಿನ ಕಡೆ ಕತ್ತು ಚಾಚಿದಳು. ಹುಬ್ಬು ಗಂಟಾಯಿತು. "ಇವತ್ತು ದರ್ಜಿ ತಾತ ಶುರು ಮಾಡಿದ್ರಲ್ಲ. ಅದೂ ಇಷ್ಟು ಬೇಗ?"

ಅವನು ಗಾಜಿನಿಂದ ಹಿಂದಕ್ಕೆ ಸರಿದ. ಮಾತಿಗಿಂತ ಮುಂದೆ ಅವನ ತಲೆ ಓಡುತ್ತಿತ್ತು.

"ಮೇಡಂ, ಮೈ ಹಿಡಿದಿಟ್ಟುಕೊಳ್ಳುತ್ತೆ ಅಂದ್ರಲ್ಲ. ಹಾಗಾದ್ರೆ ಆವತ್ತು ದಿಂಬು ಒತ್ತಿದವರು ಅಪ್ಪನ ಮುಂದೆ ಬಂದು ಕೈ ಚಾಚಿದ್ರೆ?"

ಆಕೆ ಕಡತ ಕೆಳಗಿಟ್ಟಳು. "ಅದಕ್ಕೇ ಅಲ್ವಾ ನಾನು ಬಿಳಿ ಕೋಟು ತೆಗೆಸಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಸ್ವೆಟರ್ ಕೊಟ್ಟಿದ್ದು. ಮುಖ ಗುರುತು ಸಿಗದಿದ್ದರೂ ಇವರಿಗೆ ಬಣ್ಣ ಗುರುತು ಸಿಗುತ್ತೆ. ನಾನು ಹಳದಿ, ಡಾಕ್ಟರು ನೀಲಿ, ನರ್ಸಮ್ಮ ಕೆಂಪು. ಮ್ಯಾನೇಜರು ಮಾತ್ರ 'ನಾನೇನು ಸರ್ಕಸ್ಸಿನವನಾ' ಅಂತ ಆ ಕಪ್ಪು ಕೋಟು ಬಿಡಲಿಲ್ಲ. ಅದೂ ಒಂದು ಬಣ್ಣವೇ. ದಿಂಬು ಒತ್ತಿದವರು ಎದುರಿಗೆ ಬಂದ್ರೆ ನಿಮ್ಮಪ್ಪನ ಮೈ ಹೇಳುತ್ತೆ. ಆದರೆ ಇದು ಕೋರ್ಟಿನಲ್ಲಿ ನಿಲ್ಲಲ್ಲ."

"ಕೋರ್ಟಿನಲ್ಲಿ ನಿಲ್ಲೋದು ಆಮೇಲೆ. ಇವತ್ತು ಸಂಜೆ ಮಾತ್ರೆ ನಿಂತರೆ ಸಾಕು."

"ನಿಮ್ಮಪ್ಪನಿಗೆ ಹಿಂಸೆಯಾಗುತ್ತೆ. ಹೆದರಿದ ಜೀವವನ್ನ ಬೇಕೂಂತ ಮತ್ತೆ ಹೆದರಿಸ್ತಿದ್ದೀವಿ." ಆಕೆ ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. "ಮಗನಾಗಿ ಒಪ್ಪಿಗೆ ಇದೆಯಾ?"

ಮಗನಾಗಿ. ಅವನು ಗಾಜಿನಾಚೆ ಅಪ್ಪನ ಬೆನ್ನು ನೋಡಿದ.

"ಇದೆ," ಅಂದ.

*

ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರಳುಮರಳು ಮುದುಕ ಕೈ ಮುಟ್ಟಿ ಕೊಲೆಗಾರನ್ನ ಹಿಡೀತಾನಾ? ಆಗಲಿ, ಆಗಲಿ. ಇದನ್ನೂ ನೋಡೇಬಿಡೋಣ. ನಿಮ್ಮಪ್ಪ ನಮ್ಮಲ್ಲಿ ಯಾರನ್ನಾದ್ರೂ ಹಿಡಿದು ಕೊಟ್ರೆ ಮಾತ್ರೆ ಇಲ್ಲ, ಪೊಲೀಸರನ್ನ ನಾನೇ ಕರೀತೀನಿ. ಇಲ್ಲ ಅಂದ್ರೆ ಮೊದಲ ಮಾತ್ರೆ ಅವನಿಗೇ. ನಿನ್ನ ಕಣ್ಣೆದುರಿಗೇ."

ಹಜಾರದಲ್ಲಿ ಒಂದೇ ಗಾಲಿಕುರ್ಚಿ. ಅದರಲ್ಲಿ ಅಪ್ಪ. ಉಳಿದವರು ಇನ್ನೂ ವಾರ್ಡಿನಲ್ಲೇ ಇದ್ದರು. ನಡುವಿನ ಗಾಜಿನ ಬಾಗಿಲು ತೆರೆದಿತ್ತು. ಹಾಲು ಕಾಯಿಸುವ ವಾಸನೆ ಅಡುಗೆ ಕೋಣೆಯಿಂದ ಆಗಲೇ ಹರಿದು ಬರುತ್ತಿತ್ತು.

"ನೀವು ಹಿಂದೆ ನಿಲ್ಲಿ," ಸಂಶೋಧಕಿ ಪತ್ತೇದಾರನಿಗೆ ಹೇಳಿದಳು. "ಅವರ ಕಣ್ಣಿಗೆ ಬೀಳಬೇಡಿ. ಗಮನ ಅತ್ತಿತ್ತ ಹೋಗಬಾರದು."

ಅವನು ಕುರ್ಚಿಯ ಬೆನ್ನ ಹಿಂದೆ ಕಂಬದ ಹಾಗೆ ನಿಂತ. ಅಪ್ಪನ ಬೋಳುತಲೆ, ಸೊರಗಿದ ಕಿವಿ, ಕತ್ತಿನ ಸುಕ್ಕು ಮಾತ್ರ ಕಾಣುತ್ತಿತ್ತು. ಮುಖ ಕಾಣದಿದ್ದರೇನು, ಆ ಕಿವಿ ಸಾಕು. ಅಪ್ಪ ಹೆದರಿದರೆ ಮೊದಲು ಕಿವಿ ಕೆಂಪಾಗುತ್ತದೆ.

ಮೊದಲು ಡಾಕ್ಟರು ಬಂದ. ನೀಲಿ ಸ್ವೆಟರು, ಒಣ ನಗು. ಸಹಜ ಸಾವು ಎಂದು ಬರೆದ ಕೈಯನ್ನೇ ಚಾಚಿದ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡವನ ಹಾಗೆ ಇನ್ನೊಂದು ಕೈಯಿಂದ ಕನ್ನಡಕ ಸರಿಮಾಡಿಕೊಂಡ.

ಅಪ್ಪ ಕೈಯನ್ನು ತಿರುಗಿಸಿ ನೋಡಿದ. "ಚಿಲ್ಲರೆ ಇಟ್ಟುಕೊಂಡು ಹತ್ತಬೇಕಪ್ಪ. ಕಂಡಕ್ಟರ್ ಬಯ್ತಾನೆ," ಅಂದು ಬಿಟ್ಟ.

ಕಿವಿ ಕೆಂಪಾಗಲಿಲ್ಲ.

ನರ್ಸಮ್ಮ ಬಂದಳು. ಆವತ್ತು ವಾರ್ಡಿನ ಕಾವಲು ಅವಳದೇ ಇತ್ತು, ತೂಕಡಿಸಿದ್ದೆ ಎಂದು ಒಪ್ಪಿಕೊಂಡೂ ಇದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಅಪ್ಪ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಹೆಂಗಸರ ಸೀಟು ಬಿಡ್ರೋ! ನಿಂತಿದ್ದಾರೆ, ಕಾಣಲ್ವಾ?"

ಸಂಶೋಧಕಿಯೂ ಚಾಚಿದಳು. "ನಾನೂ ಆವತ್ತು ಇಲ್ಲೇ ಇದ್ದೆ. ನನ್ನನ್ನ ಬಿಡಬಾರದು," ಅಂದಳು. ಅಪ್ಪ ಹಳದಿ ತೋಳನ್ನು ಸವರಿ ನಕ್ಕ.

ಕೊನೆಗೆ ಮ್ಯಾನೇಜರ್. ಎದೆ ಮುಂದು ಮಾಡಿಕೊಂಡು, ಕಪ್ಪು ಕೋಟಿನ ಗುಂಡಿ ಹಾಕಿಕೊಂಡು ಬಂದ. ಪತ್ತೇದಾರ ಮುಂದಕ್ಕೆ ಬಾಗಿದ. ಇವನೇ. ಇವನೇ ಆಗಬೇಕು. ಎಚ್ಚರವಾದ ಮುದುಕರು ಇವನಿಗೇ ತಾನೆ ತಲೆನೋವು?

ಅಪ್ಪ ಕೋಟನ್ನು ಮೇಲಿಂದ ಕೆಳಗೆ ನೋಡಿದ. ಸೆಟೆದು ಕೂತು ಸೆಲ್ಯೂಟ್ ಹೊಡೆದ. "ಚೆಕಿಂಗ್ ಸಾಹೇಬ್ರು! ಗಾಡಿ ಟೈಮಿಗೇ ಇದೆ ಸಾರ್." ಆಮೇಲೆ ಖುಷಿಯಿಂದ ಅವನ ಕೈ ಹಿಡಿದು ಕುಲುಕಿದ.

ಕಿವಿ ಎಂದಿನ ಹಾಗೇ ಬೆಳ್ಳಗಿತ್ತು.

ಅಡುಗೆ ಕೋಣೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು.

"ಮುಗೀತಾ ನಾಟಕ?" ಮ್ಯಾನೇಜರ್ ಕೈ ಒರೆಸಿಕೊಂಡ. "ನರ್ಸಮ್ಮ, ಮಾತ್ರೆ ತನ್ನಿ. ಮೊದಲು ಈ ಡ್ರೈವರ್ ಸಾಹೇಬರಿಗೆ."

ಪತ್ತೇದಾರ ಗಾಲಿಕುರ್ಚಿಯ ಹಿಡಿಕೆ ಹಿಡಿದುಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಾನು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಗೊಂಬೆಯ ಹಾಗೆ ಆಡಿಸಿ, ಕಡೆಗೆ ಇವರ ಕೈಗೇ ಕೊಟ್ಟಂತಾಯಿತು. ಒಂದು ಸಲ, ಮಾತ್ರೆಗೆ ಮೊದಲು ಒಂದೇ ಒಂದು ಸಲ, ಆ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ಕುರ್ಚಿಯ ಮುಂದೆ ಬಂದು ಮಂಡಿಯೂರಿದ. ಕೈ ಚಾಚಿದ.

"ಬಾ ಅಪ್ಪ. ಹೋಗೋಣ."

ಅಪ್ಪ ನೋಡಿದ.

ನಗು ಮುಖದ ಮೇಲಿಂದ ಜಾರಿ ಎಲ್ಲೋ ಬಿತ್ತು. ಕಣ್ಣು ದೊಡ್ಡದಾಯಿತು. ಮೊದಲು ಕಿವಿ, ಆಮೇಲೆ ಕತ್ತು ಕೆಂಡದ ಹಾಗೆ ಕೆಂಪಾಯಿತು. ಗಾಲಿಕುರ್ಚಿಯನ್ನೇ ಹಿಂದಕ್ಕೆ ನೂಕುತ್ತಾ, ಇಲ್ಲದ ಬ್ರೇಕನ್ನು ಎರಡೂ ಕಾಲಿಂದ ತುಳಿಯುತ್ತಾ, ಮೊಣಕೈಗಳನ್ನು ಮುಖಕ್ಕೆ ಅಡ್ಡ ಹಿಡಿದ.

"ಮುಚ್ಚಬೇಡ... ಬಿಡು, ಬಿಟ್ಟುಬಿಡು... ಅವನು ಸುಮ್ಮನಾಗಿದ್ದಾನೆ. ಇನ್ನು ಕೂಗಲ್ಲ ಅವನು. ಬಿಡು!"

ಅದು ಕೂಗಾಗಿರಲಿಲ್ಲ, ಪಿಸುಮಾತು. ಎಳೆಮಗು ಕತ್ತಲಿಗೆ ಹೇಳುವ ಹಾಗೆ.

ತೆರೆದ ಗಾಜಿನ ಬಾಗಿಲಾಚೆ, ಬೂದು ಬೆಳಕಿನ ವಾರ್ಡಿನಲ್ಲಿ, ಎದ್ದು ಕೂತಿದ್ದ ಮುದುಕರೆಲ್ಲ ಇತ್ತಲೇ ನೋಡುತ್ತಿದ್ದರು. ಒಬ್ಬೊಬ್ಬರಾಗಿ ಕೈಯೆತ್ತಿ ಮುಖ ಮುಚ್ಚಿಕೊಂಡರು. ಯಾರೂ ಉಸಿರು ಬಿಡಲಿಲ್ಲ.

ನರ್ಸಮ್ಮನ ಕೈಯಿಂದ ಮಾತ್ರೆಯ ಡಬ್ಬಿ ಜಾರಿತು.

"ಆಹಾ!" ಮ್ಯಾನೇಜರನ ದನಿಯಲ್ಲಿ ಹಬ್ಬವಿತ್ತು. "ಪತ್ತೆಯಾಯ್ತಲ್ಲ! ಕಳ್ಳನೇ ಕಳ್ಳ ಕಳ್ಳ ಅಂತ ಕೂಗ್ತಿದ್ದ. ಆವತ್ತು ಮಧ್ಯಾಹ್ನ ನೀನೆಲ್ಲಿದ್ದೆಯಯ್ಯಾ? ಏನು ಮಾಡಿದೆ ನಿಮ್ಮಪ್ಪನ ಕಣ್ಣೆದುರಿಗೆ?"

ಪತ್ತೇದಾರನ ಚಾಚಿದ ಕೈ ಗಾಳಿಯಲ್ಲೇ ಉಳಿದಿತ್ತು. ಗಿಡ್ಡ ತೋಳಿನಿಂದ ಹೊರಬಿದ್ದ ಮಣಿಕಟ್ಟು. ಅದರ ಮೇಲೆ ಹಸಿರು ಅಂಚು.

"ಬಿಚ್ಚಿ," ಎಂದಳು ಸಂಶೋಧಕಿ. ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಆ ಸ್ವೆಟರ್. ಬಿಚ್ಚಿ."

ಅವನು ಬಿಚ್ಚಿದ. ಅಕ್ಕ ಹಾಕಿದ್ದ ಗುಂಡಿಗಳನ್ನು ಒಂದೊಂದಾಗಿ.

ಆಕೆ ಅದನ್ನು ಕಸಿದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಈಗ ಕೈ ಕೊಡಿ."

ಬನಿಯನ್ನಿನಲ್ಲಿ ಮಂಡಿಯೂರಿದ ಮಗ ಮತ್ತೆ ಕೈ ಚಾಚಿದ. ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಮೊಣಕೈ ಸ್ವಲ್ಪ ಸರಿಯಿತು. ಸಂದಿಯಿಂದ ಒಂದು ಒದ್ದೆ ಕಣ್ಣು ಇಣುಕಿತು. ಸುಕ್ಕುಗಟ್ಟಿದ ಬೆರಳುಗಳು ಬಂದು ಅವನ ಬೆರಳು ಹಿಡಿದವು.

"ಎಲ್ಲಿ ಹಾಳಾಗಿ ಹೋಗಿದ್ದೆಯಯ್ಯಾ ಕಂಡಕ್ಟರ್?" ಅಂದ ಅಪ್ಪ. "ಬಸ್ಸಲ್ಲಿ ಏನೇನೋ ಆಗೋಯ್ತು."

"ಅವರು ಹೆದರಿದ್ದು ಮಗನಿಗಲ್ಲ," ಸಂಶೋಧಕಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಈ ಬಣ್ಣಕ್ಕೆ. ದರ್ಜಿ ತಾತ ಗಾಜಿನಲ್ಲಿ ನೋಡಿ ಹೆದರಿದ್ದೂ ಇದಕ್ಕೇ. ನಾನು ವಾರ್ಡಿನಲ್ಲಿ ಯಾರಿಗೂ ಹಸಿರು ಕೊಟ್ಟಿಲ್ಲ. ಇದನ್ನ ಹಾಕ್ಕೊಂಡು ಆವತ್ತು ಒಳಗೆ ಬಂದವರು ವಾರ್ಡಿನ ಕೆಲಸದವರಲ್ಲ." ಆಕೆ ಸ್ವೆಟರನ್ನು ಅವನ ಮುಂದೆ ಹಿಡಿದಳು. "ಹೇಳಿ, ಇದು ನಿಮಗೆ ಎಲ್ಲಿ ಸಿಕ್ತು? ಯಾರು ಕೊಟ್ರು?"

ಅವನು ಅದನ್ನು ಕೈಗೆ ತೆಗೆದುಕೊಂಡ. ತಿರುಗಿಸಿದಾಗ ಮೊಣಕೈಯ ಹತ್ತಿರ ಒಂದು ತೇಪೆ ಕಂಡಿತು. ತೂತು ಬಿದ್ದಲ್ಲಿ ಅಡ್ಡ ಎಳೆ, ಉದ್ದ ಎಳೆ, ಚಾಪೆ ಹೆಣೆದ ಹಾಗೆ. ಕೊನೆಯಲ್ಲಿ ಎರಡು ಗಂಟು. ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಅವನ ಅಂಗಿಯ ಮೇಲೆಲ್ಲ ಇದೇ ತೇಪೆ, ಇದೇ ಎರಡು ಗಂಟು.

ವಾರಸುದಾರರಿಲ್ಲದ ಸ್ವೆಟರಿಗೆ ಇಷ್ಟು ಅಕ್ಕರೆಯಿಂದ ಯಾರು ತೇಪೆ ಹಾಕುತ್ತಾರೆ?

ಈ ಬಣ್ಣಕ್ಕೆ ಅಪ್ಪ ಹೆದರುತ್ತಾನೆಂದು ಗೊತ್ತಿದ್ದೂ ಅಕ್ಕ ಇದನ್ನು ಅವನ ಮೈಗೆ ತೊಡಿಸಿದಳೇ? ಗೊತ್ತಿಲ್ಲದೆಯೇ?

ಬಾಗಿಲ ಹತ್ತಿರ ಗಾಲಿಯ ಸದ್ದಾಯಿತು. ಇಸ್ತ್ರಿಯಾದ ದಿಂಬಿನ ಗವಸುಗಳ ಗಾಡಿ ತಳ್ಳಿಕೊಂಡು ಅಕ್ಕ ನಿಂತಿದ್ದಳು. ವಾರದ ಮೇಲೆ ಮೊದಲ ಸಲ ಮೇಲೆ ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಅಪ್ಪನ ಕಡೆ ನೋಡಲಿಲ್ಲ. ತಮ್ಮನ ಕೈಯಲ್ಲಿದ್ದುದನ್ನು ನೋಡಿದಳು.

"ಹೇಳಯ್ಯಾ ಪತ್ತೇದಾರ, ಬಾಯಿಗೆ ಬೀಗ ಬಿತ್ತಾ?" ಮ್ಯಾನೇಜರ್ ಗದರಿದ. "ಹೆಸರು ಹೇಳಿದ್ರೆ ಮಾತ್ರೆ ಇಲ್ಲ. ಹೇಳದಿದ್ರೆ ಈಗಲೇ, ನಿನ್ನೆದುರಿಗೇ."

ಸಂಶೋಧಕಿ ಕಾಯುತ್ತಿದ್ದಳು. ನರ್ಸಮ್ಮ ನೆಲದಿಂದ ಒಂದೊಂದೇ ಮಾತ್ರೆ ಹೆಕ್ಕುತ್ತಿದ್ದಳು. ಹಾಲಿನ ಗಾಡಿ ಬಂದು ನಿಂತಿತು.

ಅವನು ಅಪ್ಪನ ಬೆರಳಿನಿಂದ ತನ್ನ ಬೆರಳು ಬಿಡಿಸಿಕೊಂಡ. ಎದ್ದ. ಸ್ವೆಟರನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲ ಕಡೆ ನಡೆದ.

ಪಕ್ಕಕ್ಕೆ ಬಂದಾಗ ಅಕ್ಕ ಮೆಲ್ಲಗೆ, ಚಿಕ್ಕಂದಿನಿಂದ ಹೇಳುತ್ತಾ ಬಂದ ಅದೇ ದನಿಯಲ್ಲಿ ಹೇಳಿದಳು.

"ಕೊಡೋ ಮೊಂಡ. ಒಗೆಯೋಕೆ ಹಾಕ್ತೀನಿ."

ಅವನು ಕೊಡಲಿಲ್ಲ. ಅವಳ ಮುಖ ನೋಡಲಿಲ್ಲ.

"ಕಂಡಕ್ಟರ್!" ಹಿಂದಿನಿಂದ ಅಪ್ಪನ ಕೂಗು ಬಂತು. "ಎಲ್ಲಿಗಯ್ಯಾ ಹೊರಟೆ? ರೈಟ್ ಹೇಳಿ ಹೋಗೋ. ನೀನು ಹೇಳದೆ ನಾನು ಹೇಗೆ ಗಾಡಿ ತೆಗೀಲಿ?"

ಬನಿಯನ್ನಿನಲ್ಲೇ, ಮಂಜಿನೊಳಕ್ಕೆ, ಯಾರಿಗೂ ಉತ್ತರ ಕೊಡದೆ ಅವನು ನಡೆದು ಹೋದ.